ಮೂರನೇ ಡೌನ್ ಮತ್ತು ವರ್ಲಿನ್ ಸ್ಟಕಿಯ ಟೋಪಿ

ಆ ಶನಿವಾರದ ಫಜೀತಿಗೆಲ್ಲ ಮೂಲ ಒಂದು ನೀಲಿ ಟೋಪಿ.

ಟಾರ್ಬೆಟ್ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಕೋಚ್ ವರ್ಲಿನ್ ಸ್ಟಕಿ ಆ ಟೋಪಿಯನ್ನು ಊಟಕ್ಕೆ, ಪ್ರಾರ್ಥನೆಗೆ ಮತ್ತು ಸ್ನಾನಕ್ಕೆ ಬಿಟ್ಟರೆ ತೆಗೆಯುತ್ತಿರಲಿಲ್ಲ. ಒಳಗಿದ್ದ ಬೋಳುತಲೆಯ ನಾಚಿಕೆ ಒಂದು ಕಾರಣ. ಇನ್ನೊಂದು ಕಾರಣ ಅವನಿಗೂ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡೆನ್ವಿಲ್‌ಗೂ ಮಾತ್ರ ಗೊತ್ತಿದ್ದ ಗುಟ್ಟು. ಮೂರನೇ ಡೌನಿನಲ್ಲಿ ಕೋಚ್ ತಲೆಯ ಮೇಲೆ ಟೋಪಿ ಇದ್ದರೆ ಚೆಂಡು ಹಿಡಿದು ಓಡಬೇಕು, ಟೋಪಿ ತೆಗೆದರೆ ಎಸೆಯಬೇಕು. ನಾಲ್ಕು ವರ್ಷದಿಂದ ಇದೇ ಸನ್ನೆ. ಈ ನಾಲ್ಕು ವರ್ಷದಲ್ಲಿ ವರ್ಲಿನ್ ಮೈದಾನದಲ್ಲಿ ಟೋಪಿ ತೆಗೆದದ್ದು ಎರಡೇ ಸಲ.

ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ, ಒಂದೊಂದೂ ಒಂದು ಡೌನ್. ನಾಲ್ಕನೆಯದಕ್ಕೆ ಬಂದರೆ ಹೆಚ್ಚಿನವರು ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ಏನು ಕಿಸಿಯುವುದಿದ್ದರೂ ಮೂರನೆಯದರಲ್ಲೇ ಕಿಸಿಯಬೇಕು. ದೂರ ಹೆಚ್ಚಿದ್ದರೆ ಚೆಂಡನ್ನು ಎಸೆಯಬೇಕು. ಪಶ್ಚಿಮ ಟೆಕ್ಸಸ್‌ನಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ವರ್ಲಿನ್‌ಗೆ ಮಾತ್ರ ಎಸೆತವೆಂದರೆ ಎದೆ ಡವಗುಟ್ಟುತ್ತಿತ್ತು. ಚೆಂಡು ಗಾಳಿಯಲ್ಲಿ ಇದ್ದಷ್ಟು ಹೊತ್ತು ಅವನ ಜೀವವೂ ಅಲ್ಲೇ ತೇಲುತ್ತಿತ್ತು.

ಗುರುವಾರದ ಬಿರುಗಾಳಿಗೆ ಮೈದಾನದ ಎರಡು ದೀಪದ ಕಂಬ ಉರುಳಿದ್ದರಿಂದ ಶುಕ್ರವಾರದ ಆಟ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹೋಗಿತ್ತು. ಎದುರಾಳಿ ಲೀಡೆಲ್. ಹನ್ನೊಂದು ವರ್ಷದಿಂದ ಟಾರ್ಬೆಟ್ ಅವರ ಕೈಲಿ ಒದೆ ತಿನ್ನುತ್ತಲೇ ಬಂದಿತ್ತು.

ಬೆಳಿಗ್ಗೆ ಕಾಫಿ ಅಂಗಡಿಗೆ ಕಾಲಿಟ್ಟದ್ದೇ ವರ್ಲಿನ್ ಮಾಡಿದ ಮೊದಲ ತಪ್ಪು.

"ಬಾ ಚಿನ್ನ," ಎಂದು ಅಂಗಡಿಯ ಲರ್ಲೀನ್ ಕಾಫಿಯ ಜೊತೆಗೆ ಒಂದು ಪೇಪರ್ ಕರವಸ್ತ್ರವನ್ನೂ ಮುಂದಿಟ್ಟಳು. ಅದರ ತುಂಬ ಸೊನ್ನೆ, ಗೆರೆ, ಬಾಣ. "ಮೂರನೇ ಡೌನಿಗೆ ಇದನ್ನ ಆಡಿಸು. ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದಿದೀನಿ."

ಪಕ್ಕದ ಮೇಜಿನಿಂದ ಇನ್ನೊಂದು ಬಂತು. ಅಡುಗೆಮನೆಯ ಕಿಟಕಿಯಿಂದ ಮತ್ತೊಂದು ಬಂತು, ಅದರ ಮೇಲೆ ಮೊಟ್ಟೆಯ ಹಳದಿ ಮೆತ್ತಿತ್ತು. ಕಾಫಿ ಮುಗಿಯುವಷ್ಟರಲ್ಲಿ ವರ್ಲಿನ್‌ನ ಜೇಬಿನಲ್ಲಿ ಒಂಬತ್ತು ಎಸೆತದ ನಕ್ಷೆಗಳಿದ್ದವು.

ಆಮೇಲೆ ಬಂದವನು ಹಾಯ್ಟ್ ಪ್ರೂಯಿಟ್. ದನದ ಮೇವಿನ ಅಂಗಡಿಯ ಮಾಲೀಕ, ಶಾಲಾ ಮಂಡಳಿಯ ಅಧ್ಯಕ್ಷ. ಎದುರಿಗೆ ಕೂತು, ವರ್ಲಿನ್‌ನದೇ ತಟ್ಟೆಯಿಂದ ಹಂದಿಮಾಂಸದ ತುಂಡೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ.

"ನೋಡಯ್ಯಾ ವರ್ಲಿನ್, ನಿನ್ನ ಮೇಲೆ ನಂಗೇನೂ ದ್ವೇಷ ಇಲ್ಲ. ಆದ್ರೆ ಮಂಡಳಿಯೋರು ತೀರ್ಮಾನ ಮಾಡಿಬಿಟ್ಟಿದಾರೆ. ಇವತ್ತು ಸೋತ್ರೆ ಸೋಮವಾರದಿಂದ ನೀನು ಹುಡುಗೀರಿಗೆ ಗಾಲ್ಫ್ ಹೇಳಿಕೊಡ್ತೀಯ."

"ನಮ್ಮೂರಲ್ಲಿ ಗಾಲ್ಫ್ ಮೈದಾನವೇ ಇಲ್ವಲ್ಲೋ!"

"ಅದು ನಿನ್ನ ತಲೆನೋವು."

ವರ್ಲಿನ್‌ಗೆ ಈ ಕೆಲಸ ಎಂದರೆ ಪ್ರಾಣ. ಅವನಪ್ಪ ಇದೇ ಮೈದಾನದಲ್ಲಿ ಆಡಿದ್ದ, ಅವನೂ ಆಡಿದ್ದ, ಮೊಣಕಾಲು ಮುರಿದುಕೊಂಡದ್ದೂ ಇಲ್ಲೇ. ಇದನ್ನು ಬಿಟ್ಟರೆ ಅವನಿಗೆ ಬರುತ್ತಿದ್ದುದು ರೇಖಾಗಣಿತ ಒಂದೇ, ಅದೂ ಅಷ್ಟಕ್ಕಷ್ಟೇ.

ಹನ್ನೊಂದಕ್ಕೆ ಚರ್ಚಿನಲ್ಲಿ ಯೂಸ್ಟಸ್ ಗ್ರಬ್ಸ್‌ನ ಅಂತಿಮ ಪ್ರಾರ್ಥನೆ. ತೊಂಬತ್ತೊಂದು ವರ್ಷದ ಯೂಸ್ಟಸ್ ಮಂಗಳವಾರ ತೀರಿಕೊಂಡಿದ್ದ. ನಲವತ್ತು ವರ್ಷ ಮೈದಾನದ ಮೇಲುಸಾಲಿನಲ್ಲಿ ಹೆಂಡತಿ ಓರೀನ್ ಪಕ್ಕದಲ್ಲಿ ಕೂತು, ಪ್ರತಿ ಮೂರನೇ ಡೌನಿಗೂ "ಎಸೆಯೋ ಅದನ್ನ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ ಮುದುಕ. ಶುಕ್ರವಾರವೇ ಮಣ್ಣು ಮಾಡಬೇಕಿತ್ತು. ಓರೀನ್ ಯಾಕೋ ಒಂದು ದಿನ ಮುಂದೆ ಹಾಕಿದ್ದಳು.

ಪಾದ್ರಿಯೂ ಇದೇ ಊರಿನವನು. "ನಮ್ಮ ಯೂಸ್ಟಸ್ ತುಂಬು ಜೀವನ ನಡೆಸಿದರು," ಎಂದವನು ಒಂದು ನಿಮಿಷ ತಡೆದ. "ಆದರೆ ಕೊನೆಗಾಲದಲ್ಲಿ ಅವರ ಒಂದೇ ಒಂದು ಆಸೆ ಈಡೇರದೆ ಉಳಿಯಿತು."

ಚರ್ಚಿನಲ್ಲಿದ್ದ ಇನ್ನೂರು ಜನರೂ ಕತ್ತು ತಿರುಗಿಸಿ ವರ್ಲಿನ್‌ನನ್ನು ನೋಡಿದರು. ಅವನ ಹೆಂಡತಿ ನೆಲ್ಡಾ ಕೂಡ ಅರ್ಧ ಅಡಿ ಆಚೆ ಸರಿದು ಕೂತು, ಅವನನ್ನೇ ನೋಡಿದಳು.

ಬಾಗಿಲಲ್ಲಿ ಓರೀನ್ ಅವನ ಕೈ ಹಿಡಿದುಕೊಂಡಳು. ಎಂಬತ್ತಾರು ವರ್ಷದ, ಹಿಡಿಯಷ್ಟೇ ಇದ್ದ ಹೆಂಗಸು, ಊರಿಗೆಲ್ಲ ಗೌರವದ 'ಮಿಸ್ ಓರೀನ್'. "ನೀನು ಸ್ಮಶಾನಕ್ಕೆ ಬರೋದು ಬೇಡ ಮಗಾ. ಆಟಕ್ಕೆ ಹೋಗು. ನಾವು ಮನೆಯವರೇ ನಿಧಾನಕ್ಕೆ ಮುಗಿಸ್ತೀವಿ."

"ಮಿಸ್ ಓರೀನ್, ನಿಮ್ಮದು ದೊಡ್ಡ ಮನಸ್ಸು," ಎಂದ ವರ್ಲಿನ್. ಇಡೀ ಊರಿನಲ್ಲಿ ತನಗೆ ನಕ್ಷೆ ಕೊಡದವಳು ಇವಳೊಬ್ಬಳೇ ಎಂದು ಅವನ ಕಣ್ಣು ತುಂಬಿತು.

ಆಟ ಶುರುವಾದದ್ದೇ ಗ್ರಹಚಾರವೂ ಶುರುವಾಯಿತು. ಮೊದಲ ಮೂರನೇ ಡೌನಿಗೆ ವರ್ಲಿನ್ ಟೋಪಿ ಒತ್ತಿ ಹಾಕಿಕೊಂಡು ನಿಂತಿದ್ದ. ಎಲ್ಲಿತ್ತೋ ಒಂದು ಗಾಳಿ, ಟೋಪಿಯನ್ನು ಹಾರಿಸಿಕೊಂಡೇ ಹೋಯಿತು. ಸುಲಿದ ಮೊಟ್ಟೆಯಂಥ ತಲೆ ಬಿಸಿಲಿಗೆ ಥಳಥಳ ಹೊಳೆಯಿತು. ಡೆನ್ವಿಲ್ ಕಣ್ಣರಳಿಸಿ ನೋಡಿದ, ಚೆಂಡು ಎಸೆದ. ಲೀಡೆಲ್ ಹುಡುಗನೊಬ್ಬ ಅದನ್ನು ಆರಾಮಾಗಿ ಹಿಡಿದು, ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ ಅಂಕ ಗಳಿಸಿಬಿಟ್ಟ.

"ಎಸೀ ಅಂತ ನಿಂಗೆ ಯಾರಯ್ಯಾ ಹೇಳಿದ್ದು?" ಹಾಯ್ಟ್ ಬೇಲಿಗೆ ಬಂದು ಬೊಬ್ಬೆ ಹೊಡೆದ.

"ನೀವೇ ಅಲ್ವಾ, ಬೆಳಿಗ್ಗೆಯಿಂದ!"

"ಹಿಂಗೆ ಎಸೀ ಅಂತ ಹೇಳಿದ್ವಾ?"

ವರ್ಲಿನ್ ಇನ್ನು ಅಪಾಯ ತಂದುಕೊಳ್ಳಲು ತಯಾರಿರಲಿಲ್ಲ. ಹುಡುಗರ ಪಾದಕ್ಕೆ ಸುತ್ತುವ ಅಂಟುಪಟ್ಟಿ ತೆಗೆದುಕೊಂಡು ಟೋಪಿಯ ಮೇಲಿಂದ ಹಣೆ, ಕೆನ್ನೆ, ಗದ್ದಕ್ಕೆಲ್ಲ ಮೂರು ಸುತ್ತು ಸುತ್ತಿಸಿಕೊಂಡ. ಹಲ್ಲುನೋವಿನವನ ಹಾಗೆ ಕಾಣುತ್ತಿದ್ದ. ಲೀಡೆಲ್ ಕಡೆಯವರು ಬಿದ್ದು ಬಿದ್ದು ನಕ್ಕರು. ನಗಲಿ, ಟೋಪಿ ಮಾತ್ರ ಕದಲಲಿಲ್ಲ.

ಅಲ್ಲಿಂದ ಮುಂದೆ ಮೂರನೇ ಡೌನ್ ಬಂದಾಗಲೆಲ್ಲ ಟಾರ್ಬೆಟ್ ಓಡಿತು. ಎರಡು ಗಜ ಬೇಕಿದ್ದರೂ ಓಡಿತು, ಹದಿನಾಲ್ಕು ಗಜ ಬೇಕಿದ್ದರೂ ಓಡಿತು. ಆಶ್ಚರ್ಯವೆಂದರೆ ಆಟ ಕೈಬಿಟ್ಟು ಹೋಗಲಿಲ್ಲ. ಹುಡುಗರು ಹಲ್ಲು ಕಚ್ಚಿ ಹೋರಾಡಿದರು, ಸಮ ಮಾಡಿದರು, ಮತ್ತೆ ಹಿಂದೆ ಬಿದ್ದರು. ಜನ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ಈ ನಡುವೆ ಲೀಡೆಲ್ ಬೆಂಚಿನ ಹಿಂದಿನ ರಸ್ತೆಯಲ್ಲಿ, ಹತ್ತಿ ಗಿರಣಿಯ ಮೂಲೆಗೆ, ಯೂಸ್ಟಸ್‌ನ ಶವದ ಕಾರು ನಿಂತಿರುವುದು ವರ್ಲಿನ್‌ಗೆ ಕಾಣಿಸಿತು. ಇಂಜಿನ್ ಚಾಲೂ ಇತ್ತು. ಪಾಪ, ಕಾರು ಕೆಟ್ಟಿರಬೇಕು ಎಂದುಕೊಂಡು ಅವನು ಆಟದ ಕಡೆ ತಿರುಗಿದ.

ಉಳಿದದ್ದು ಐವತ್ತು ಸೆಕೆಂಡ್. ಲೀಡೆಲ್ ಇಪ್ಪತ್ತು, ಟಾರ್ಬೆಟ್ ಹದಿನಾರು. ಮೂರನೇ ಡೌನ್, ಹನ್ನೆರಡು ಗಜ ಬೇಕು.

ಮೈದಾನವಿಡೀ ಎದ್ದು ನಿಂತಿತು. "ಎಸೀ! ಎಸೀ! ಎಸೀ!" ಮರದ ಮೆಟ್ಟಿಲುಗಳು ಕಾಲ್ತುಳಿತಕ್ಕೆ ಗಡಗಡ ನಡುಗಿದವು. ವರ್ಲಿನ್‌ನ ತಲೆ ಓಡುತ್ತಿತ್ತು. ಈಗ ಎಲ್ಲರೂ ಎಸೆತವನ್ನೇ ಕಾಯುತ್ತಾರೆ, ಅದಕ್ಕೇ ಓಡಬೇಕು! ಟೋಪಿಯ ಮೇಲೆ ಕೈಯಿಟ್ಟು ಇನ್ನಷ್ಟು ಒತ್ತಿದ. ಲೀಡೆಲ್‌ನ ಹನ್ನೊಂದು ಹುಡುಗರೂ ಮುಂದೆ ಬಂದು ಗೋಡೆ ಕಟ್ಟಿದಂತೆ ನಿಂತಿದ್ದುದನ್ನು ಅವನು ಗಮನಿಸಲಿಲ್ಲ. ವರ್ಲಿನ್ ಸ್ಟಕಿ ಮೂರನೇ ಡೌನಿಗೆ ಏನು ಮಾಡುತ್ತಾನೆಂದು ಸುತ್ತಿನ ಮೂರು ಜಿಲ್ಲೆಗೆ ಗೊತ್ತಿತ್ತು.

ಅಷ್ಟರಲ್ಲಿ ಕೂಗು ತಟ್ಟನೆ ನಿಂತಿತು.

ಗಿರಣಿಯ ಮೂಲೆಯಿಂದ ಶವದ ಕಾರು ಹೊರಟಿತ್ತು. ದೀಪ ಹೊತ್ತಿಸಿಕೊಂಡು, ಆಮೆಯ ನಡಿಗೆಯಲ್ಲಿ, ಬೇಲಿಗುಂಟ ಬರುತ್ತಿತ್ತು. ಅದರ ಹಿಂದೆ ಓರೀನಳ ಕಾರು.

ಟಾರ್ಬೆಟ್‌ನಲ್ಲಿ ಆಕಾಶ ಕಳಚಿ ಬಿದ್ದರೂ ಹೆಣದ ಮೆರವಣಿಗೆ ಹಾದುಹೋಗುವಾಗ ಗಂಡಸಾದವನು ಟೋಪಿ ತೆಗೆಯುತ್ತಾನೆ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ನಿಲ್ಲಿಸಿ ತೆಗೆಯುತ್ತಾನೆ, ಜಗಳವಾಡುತ್ತಿದ್ದವನು ಬೈಗುಳ ಅರ್ಧಕ್ಕೇ ನುಂಗಿ ತೆಗೆಯುತ್ತಾನೆ. ಏಳು ವರ್ಷದವನಿದ್ದಾಗ ತೆಗೆಯಲು ಮರೆತು ಅಪ್ಪನಿಂದ ತಿಂದ ಪೆಟ್ಟು ವರ್ಲಿನ್‌ನ ಕಪಾಳಕ್ಕೆ ಇಂದಿಗೂ ನೆನಪಿತ್ತು. ನಾನೂರು ಟೋಪಿಗಳು ಒಮ್ಮೆಗೇ ಇಳಿದವು. ಲೀಡೆಲ್ ಕೋಚ್ ಕೂಡ ಸಂಸ್ಕಾರವಂತ. ಮೈದಾನಕ್ಕೆ ಬೆನ್ನು ಮಾಡಿ, ಟೋಪಿಯನ್ನು ಎದೆಗಿಟ್ಟು, ಕಣ್ಣು ಮುಚ್ಚಿ ನಿಂತ.

ಟೋಪಿ ಉಳಿದಿದ್ದದ್ದು ಒಂದೇ ತಲೆಯ ಮೇಲೆ.

"ವರ್ಲಿನ್!" ಮೆಟ್ಟಿಲ ಮೇಲಿಂದ ನೆಲ್ಡಾಳ ದನಿ ಬಂತು. "ಟೋಪಿ ತೆಗೀರಿ! ಮಾನ ಕಳೀಬೇಡಿ!"

ತೆಗೆದರೆ ಎಸೆತ, ಕೆಲಸ ಹೋಯಿತು. ತೆಗೆಯದಿದ್ದರೆ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಗಡಿಯಾರ ಓಡುತ್ತಲೇ ಇತ್ತು. ಕಾರು ನೇರ ಅವನ ಎದುರಿಗೆ ಬಂತು. ವರ್ಲಿನ್ ಕಣ್ಣು ಮುಚ್ಚಿ, ಎರಡೂ ಕೈಯಿಂದ ಟೋಪಿ ಹಿಡಿದು ಕಿತ್ತ. ಪರ್ ಎಂದು ಪಟ್ಟಿ ಕಿತ್ತು ಬಂತು, ಜೊತೆಗೆ ಎಡಹುಬ್ಬು ಪೂರ್ತಿ ಬಂತು.

ಮೈದಾನದ ನಡುವೆ ಡೆನ್ವಿಲ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಕೋಚ್ ಹುಬ್ಬು ಕಿತ್ತುಕೊಂಡು ಹೇಳುತ್ತಿದ್ದಾನೆಂದರೆ ಇದು ಅಂತಿಂಥ ಆಜ್ಞೆಯಲ್ಲ! ಚೆಂಡು ಕೈಗೆ ಬಂದದ್ದೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೈಯ ಬಲವೆಲ್ಲ ತೋಳಿಗೆ ತಂದು ಎಸೆದ.

ಚೆಂಡು ಮೇಲೇರಿತು. ಓಟವನ್ನು ತಡೆಯಲು ಮುಂದೆ ನುಗ್ಗಿದ್ದ ಹನ್ನೊಂದು ಹುಡುಗರ ತಲೆಯ ಮೇಲಿಂದ ಸುತ್ತುತ್ತ ಹೋಯಿತು. ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಟಾರ್ಬೆಟ್‌ನ ಸಣಕಲು ಹುಡುಗನೊಬ್ಬ ಒಂಟಿಯಾಗಿ ಓಡುತ್ತಿದ್ದವನು ತಿರುಗಿ ನೋಡಿದ, ಕೈ ಚಾಚಿದ, ಹಿಡಿದ, ಹಿಡಿದೇಬಿಟ್ಟ! ಗೆರೆ ದಾಟಿ ಬಿದ್ದ, ಆರು ಅಂಕ. ಇಪ್ಪತ್ತೆರಡು, ಇಪ್ಪತ್ತು!

ಟೋಪಿಗಳೆಲ್ಲ ಈಗ ಆಕಾಶಕ್ಕೆ ಹಾರಿದವು. ಅಪರಿಚಿತರು ಅಪ್ಪಿಕೊಂಡರು, ಪಾದ್ರಿ ಶಿಳ್ಳೆ ಹೊಡೆದ, ಲರ್ಲೀನ್ ಅತ್ತೇಬಿಟ್ಟಳು. ರಸ್ತೆಯಲ್ಲಿ ಓರೀನಳ ಕಾರು ಉದ್ದಕ್ಕೆ ಹಾರನ್ ಬಾರಿಸಿಕೊಂಡು ಹೋಯಿತು.

ಕೊನೆಯ ಸೀಟಿ ಮುಗಿದ ಮೇಲೆ ಹಾಯ್ಟ್ ಓಡಿ ಬಂದು ವರ್ಲಿನ್‌ನನ್ನು ಎತ್ತಿ ಕುಣಿಸಿದ. "ಎಲ್ಲಿ ಬಚ್ಚಿಟ್ಟಿದ್ದೆಯಯ್ಯಾ ಈ ಬುದ್ಧಿನ?"

ಒಂದೇ ಹುಬ್ಬಿನ ಮುಖದಲ್ಲಿ ವರ್ಲಿನ್ ಗಂಭೀರನಾದ. "ನಾಲ್ಕು ವರ್ಷ ಓಡಿಸಿದ್ದೇ ಈ ಒಂದು ಎಸೆತಕ್ಕೆ. ಎಲ್ಲ ನನ್ನ ಲೆಕ್ಕಾಚಾರ."

"ಲೇ, ಬದುಕಿರೋವರೆಗೂ ನೀನೇ ಕೋಚು!"

ವರ್ಲಿನ್ ಆ ಸುಖವನ್ನು ಸರಿಯಾಗಿ ಮುಕ್ಕಾಲು ಗಂಟೆ ಅನುಭವಿಸಿದ. ಆಮೇಲೆ ಓರೀನ್ ಬಂದಳು. ಕಪ್ಪು ಬಟ್ಟೆ, ಚಪ್ಪಲಿಗೆ ಸ್ಮಶಾನದ ಕೆಂಪು ಮಣ್ಣು, ಕಂಕುಳಲ್ಲಿ ಒಂದು ದಪ್ಪ ನೋಟ್‌ಬುಕ್.

"ತುಂಬ ಉಪಕಾರ ಆಯ್ತು ಮಗಾ. ನೀನು ಟೋಪಿ ತೆಗೀತೀಯೋ ಇಲ್ವೋ ಅಂತ ಜೀವ ಹಿಡಕೊಂಡು ಕೂತಿದ್ದೆ. ಕಷ್ಟಪಟ್ಟು ಬೆಳೆಸಿದ್ರು ನಿಮ್ಮಪ್ಪ, ತೆಗೆದೇ ತೆಗೀತಾನೆ ಅಂತ ನಮ್ಮೋರು ಹೇಳಿದ್ರು."

ಹಾಯ್ಟ್‌ನ ಕಿವಿ ನೆಟ್ಟಗಾಯಿತು. "ಟೋಪಿಗೂ ಎಸೆತಕ್ಕೂ ಏನು ಸಂಬಂಧ, ಮಿಸ್ ಓರೀನ್?"

"ಗೊತ್ತಿಲ್ವಾ? ನಾಲ್ಕು ವರ್ಷದಲ್ಲಿ ಎರಡು ಸಲ ಇವನ ಬೋಳು ಕಾಣಿಸ್ತು, ಎರಡು ಸಲಾನೂ ಚೆಂಡು ಹಾರಿತು. ಅದಕ್ಕೇ ನಮ್ಮೋರು ಸಾಯೋ ಮುಂಚೆ ಹೇಳಿದ್ರು, ನನ್ನನ್ನ ಆಟದ ದಿನಾನೇ ತಗೊಂಡು ಹೋಗು, ಕೊನೇ ಮೂರನೇ ಡೌನ್ ಬರೋವರೆಗೂ ಗಿರಣಿ ಹತ್ರ ಕಾಯಿ, ಬದುಕಿದ್ದಾಗ ಕೂಗಿದ್ದು ಕೇಳಿಸಲಿಲ್ಲ, ಸತ್ತ ಮೇಲಾದ್ರೂ ಎಸೀತಾನೆ ಅಂತ. ಆಟ ಮುಂದಕ್ಕೆ ಹೋಯ್ತಲ್ಲ, ನಾನು ಮಣ್ಣನ್ನೂ ಮುಂದಕ್ಕೆ ಹಾಕಿದೆ."

ಹಾಯ್ಟ್ ನಿಧಾನವಾಗಿ ವರ್ಲಿನ್ ಕಡೆ ತಿರುಗಿದ. "ಎಲ್ಲ ನಿನ್ನ ಲೆಕ್ಕಾಚಾರ, ಅಲ್ವೇನಯ್ಯಾ?"

ವರ್ಲಿನ್ ಇಲ್ಲದ ಹುಬ್ಬನ್ನು ಮುಟ್ಟಿಕೊಂಡ.

ಹಾಯ್ಟ್ ಓರೀನಳ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಬಿಡಿಸಿದ. ನಾಲ್ಕು ವರ್ಷದ ಒಂದೊಂದು ಮೂರನೇ ಡೌನೂ ಅಲ್ಲಿತ್ತು. ಎಷ್ಟು ಗಜ, ಗಾಳಿ ಯಾವ ಕಡೆ, ಯಾರಿಗೆ ಎಸೆಯಬೇಕಿತ್ತು, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. "ಅಬ್ಬಾ! ಯೂಸ್ಟಸ್ ಇರಬೇಕಿತ್ತು ಕಣ್ರೀ. ಇಂಥ ತಲೆಯನ್ನ ಮಣ್ಣು ಮಾಡಿಬಿಟ್ವಲ್ಲ."

"ಯಾರ ತಲೆ?" ಎಂದಳು ಓರೀನ್. "ಹತ್ತು ವರ್ಷದಿಂದ ನಮ್ಮೋರಿಗೆ ಮೂಗಿನ ಮುಂದಿರೋದೂ ಕಾಣ್ತಿರಲಿಲ್ಲ. ನಾನು ಮೊಣಕೈಲಿ ತಿವೀತಿದ್ದೆ, ಅವರು ಕೂಗ್ತಿದ್ರು. ಬರೆದಿದ್ದೆಲ್ಲ ನಾನೇ."

ಹಾಯ್ಟ್ ತನ್ನ ಟೋಪಿ ತೆಗೆದು ಎದೆಗಿಟ್ಟುಕೊಂಡ. "ಮಿಸ್ ಓರೀನ್, ಮುಂದಿನ ಶುಕ್ರವಾರ ತಮಗೆ ಬಿಡುವಿದೆಯಾ?"

ಸೋಮವಾರ ಮಧ್ಯಾಹ್ನ ಮೈದಾನದ ಅಂಚಿನ ಮುಳ್ಳುಗಿಡಗಳ ನಡುವೆ ಏಳು ಹುಡುಗಿಯರು ಗಾಲ್ಫ್ ಕೋಲು ಹಿಡಿದು ನಿಂತಿದ್ದರು. ಅತ್ತ ಫುಟ್‌ಬಾಲ್ ಅಭ್ಯಾಸ ನಡೆದಿತ್ತು. ಕುರ್ಚಿ ಹಾಕಿಕೊಂಡು ಕೂತ ಓರೀನ್ ಹೆಣಿಗೆ ಹೆಣೆಯುತ್ತಲೇ, "ಮೂರನೇ ಡೌನು, ಎಂಟು ಗಜ," ಎಂದಳು. ಇತ್ತ ವರ್ಲಿನ್, ಈ ಕೋಲನ್ನು ಹಿಡಿಯುವುದು ಯಾವ ತುದಿಯಲ್ಲಿ ಎಂದು ತಿಳಿಯದೆ, ತಲೆ ಕೆರೆದುಕೊಳ್ಳಲು ಟೋಪಿ ತೆಗೆದ.

ಡೆನ್ವಿಲ್ ಅಭ್ಯಾಸಬಲದಿಂದ ಅತ್ತ ನೋಡಿದ, ನೋಡಿ ಎಸೆದೇಬಿಟ್ಟ. ಹಿಡಿಯಲು ಯಾರೂ ಇರಲಿಲ್ಲ. ಚೆಂಡು ಬಂದು ವರ್ಲಿನ್‌ನ ಬೋಳುತಲೆಯ ನಡುಮಧ್ಯಕ್ಕೆ ಬಿತ್ತು.

"ಎಸೆತ ಚೆನ್ನಾಗಿತ್ತು ಮಗಾ," ಎಂದಳು ಓರೀನ್, ಹೆಣಿಗೆಯಿಂದ ಕಣ್ಣೆತ್ತದೆ.