ದೊಡ್ಡಪ್ಪ ಪಾಸ್ ಮಾಡದೆ ಏನೂ ನಡೆಯೋದಿಲ್ಲ

ಕೆಲವರ ಮನೆಯಲ್ಲಿ ವರ್ಷಕ್ಕೊಂದು ಸಲ ನಗುವಂಥದ್ದು ನಡೆಯುತ್ತದೆ. ನಮ್ಮಲ್ಲಿ ದೊಡ್ಡಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೊರಟರೆ ಸಾಕು, ಸಂಜೆಯೊಳಗೆ ಒಂದು ನಡೆದೇ ತೀರುತ್ತಿತ್ತು.

ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಕುರಕುಂಟಾದ ನಮ್ಮ ಮನೆತನದಲ್ಲಿ ಮೊದಲು ಇಂಜಿನಿಯರ್ ಆದವರು. ರಸ್ತೆ, ಸೇತುವೆ ಕಟ್ಟಿಸುತ್ತ ಇಡೀ ನೌಕರಿಯನ್ನು ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುತ್ತಲೇ ತಿರುಗಿ ಮುಗಿಸಿ, ಸೇಡಂನಲ್ಲಿ ಮನೆ ಮಾಡಿಕೊಂಡು, ಎಂಬತ್ತೆರಡಕ್ಕೆ ಹೋದ ವರ್ಷ ತೀರಿಕೊಂಡರು. ಅವರು ಬಂದು ನೋಡಿ "ಹೂಂ" ಅನ್ನದೆ ನಮ್ಮಲ್ಲಿ ಎಮ್ಮೆ ಕಟ್ಟುವ ಗೂಟವನ್ನೂ ಯಾರೂ ಬಡಿದಿಲ್ಲ. ನನ್ನ ಲಗ್ನವೂ ಅವರ ಆ "ಹೂಂ" ಮೇಲೇ ನಿಂತಿತ್ತು. ನನ್ನಂಥ ಹುಡುಗ ಸೇಡಂ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆಯವರಿಗೆ ಹೊಟ್ಟೆಕಿಚ್ಚು. ಅಂಥ ನಾನು ಮೂವತ್ತೊಂದು ತುಂಬಿದರೂ ಹಾಗೇ ಉಳಿಯುವ ಹಂತಕ್ಕೆ ಬಂದದ್ದು ಈ ಮನುಷ್ಯನಿಂದ.

ಹಂದರದ ಕಂಬ

ಅವರ ಸ್ವಂತ ಲಗ್ನದ ಕತೆ ದೊಡ್ಡವ್ವ ಹೇಳಿದ್ದು. ಲಗ್ನ ಚಿತ್ತಾಪುರದಲ್ಲಿ. ಅಕ್ಷತೆ ಹಂಚಿಯಾಗಿದೆ, ಮದುಮಗ ಕಾಣುತ್ತಿಲ್ಲ. ಹುಡುಕಿದರೆ ಬಾಸಿಂಗ ಕಟ್ಟಿಕೊಂಡೇ ಹಂದರದ ಮೂಲೆಯಲ್ಲಿ ನಿಂತು ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದಾರೆ.

ಮಾವ ಬಂದು ಕೈಮುಗಿದರಂತೆ: "ಅಳಿಯಂದ್ರ, ಮುಹೂರ್ತ ಮೀರಾಕತ್ತದ್ರಿ."

"ಹಂದರ ತಲಿ ಮ್ಯಾಲ ಬಿದ್ದರ ಮುಹೂರ್ತ ತಗೊಂಡು ಏನ್ಮಾಡ್ತೀರಿ, ಮಾವ? ಆ ತುದಿ ಹಿಡೀರಿ."

ಮಾವ ಹಿಡಿದರು. ಕಂಬ ಗಟ್ಟಿಯಾದ ಮೇಲೆಯೇ ತಾಳಿ. ಮೂರು ಗಂಟು ಹಾಕಿರಿ ಅಂತ ಅಯ್ಯನವರು ಹೇಳಿದರೆ ಇವರು ಐದು ಹಾಕಿದರು. ಯಾಕ್ರಿ ಅಂತ ಕೇಳಿದ್ದಕ್ಕೆ, "ಮೂರು ಶಾಸ್ತ್ರಕ್ಕ, ಎರಡು ಭದ್ರತೆಗೆ" ಅಂದರು.

ಸೇತುವೆ ಕೆಳಗಿನ ಬುತ್ತಿ

ವಾಡಿ ಕಡೆ ಒಂದು ಹಳ್ಳಕ್ಕೆ ಸಣ್ಣ ಸೇತುವೆ ಆಗಿತ್ತು. ಗುತ್ತೇದಾರ ಮೀಸೆ ತಿರುವಿ, "ಸಾಹೇಬ್ರ, ನೂರು ವರ್ಷ ಅಲ್ಲಾಡಂಗಿಲ್ರಿ" ಅಂದ.

"ಭಾಳ ಚಲೋ. ಐತಾರ ನಿನ್ನ ಹೆಣ್ತಿ, ಮಕ್ಕಳನ್ನ ಕರಕೊಂಡು ಬಾ. ಇದರ ಕೆಳಗ ಕೂತು ಊಟ ಮಾಡೂಣು. ಮ್ಯಾಲ ಪರ್ಸಿ ಕಲ್ಲು ತುಂಬಿದ ಲಾರಿ ಓಡಾಡಲಿ. ನಾನೂ ನಮ್ಮವರನ್ನ ಕರಕೊಂಡು ಬರ್ತೀನಿ."

ಮರುದಿನ ಮುಂಜಾನೆ ದೊಡ್ಡಪ್ಪ ಹೋಗಿ ನೋಡಿದರೆ ಗುತ್ತೇದಾರನೇ ಆಳು ಹಚ್ಚಿ ಸ್ಲಾಬ್ ಒಡೆಸುತ್ತಿದ್ದ. ಮತ್ತೆ ಕಟ್ಟಿದ ಮೇಲೆ ಎರಡೂ ಕುಟುಂಬ ಕೆಳಗೆ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡು ಎದ್ದದ್ದು ನಿಜ. ಅಲ್ಲಿಂದ ಅದೇ ಪದ್ಧತಿಯಾಯಿತು.

"ಮಂದಿ ಸೂಟಿಗೆ ಮಕ್ಕಳನ್ನ ಊರೂರು ತಿರುಗಾಡಸ್ತಾರ" ಅನ್ನುತ್ತಿದ್ದರು ದೊಡ್ಡವ್ವ. "ನಾವೂ ಚಿಂಚೋಳಿಯಿಂದ ವಾಡಿ ತನಕ ಎಲ್ಲಾ ಬ್ರಿಜ್ ನೋಡೀವಿ. ಕೆಳಗಿನಿಂದ."

ನನ್ನ ಬಯೋಡಾಟಾ

ನಾನು ಡಿಪ್ಲೊಮಾ ಮಾಡಿ, ಸಣ್ಣಪುಟ್ಟ ಮನೆ ಕಟ್ಟುವ ಕೆಲಸ ಹಿಡಿದವನು. ಕನ್ಯೆ ಹುಡುಕುವಾಗ ಬಯೋಡಾಟಾ ಬರೆಯಲು ದೊಡ್ಡಪ್ಪನೇ ಕೂತರು.

"ಎತ್ತರ?"

"ಐದು ಅಡಿ ಎಂಟು ಇಂಚು, ದೊಡ್ಡಪ್ಪ."

ಅವರು ಟೇಪು ತಂದರು. ಗೋಡೆಗೆ ನಿಲ್ಲಿಸಿ, ತಲೆಗೂದಲನ್ನು ಅಂಗೈಯಿಂದ ಒತ್ತಿ ಹಿಡಿದು ಅಳೆದರು. "ಐದು, ಐದೂವರಿ. ಉಳಿದದ್ದು ನಿನ್ನ ಕ್ರಾಪು."

ಅವರು ಬರೆದ ಹಾಳೆ ಚಿತ್ತಾಪುರದ ಒಂದು ಮನೆಗೆ ಹೋಯಿತು. ಆ ಮನೆಯವರು ಆಮೇಲೆ ನಮ್ಮ ಫೋನನ್ನೂ ಎತ್ತಲಿಲ್ಲ. ಶಹಾಬಾದಿನವರು ಹಾಳೆಯನ್ನೇ ತಿರುಗಿ ಕಳಿಸಿದರು. ಆಗ ನಾನು ಓದಿದೆ. ಕೊನೆಯ ಸಾಲು ಹೀಗಿತ್ತು: "ಕಂಡುಬಂದ ನ್ಯೂನತೆ: ಮಾತು ಹೆಚ್ಚು. ದುರಸ್ತಿಗೆ ಅವಕಾಶವಿದೆ."

ಚಿಂಚೋಳಿಯ ಪಡಸಾಲೆ

ಮೂರನೇ ಸಂಬಂಧ ಚಿಂಚೋಳಿಯದು. ಇದೂ ತಪ್ಪಿದರೆ ಇನ್ನು ಕನ್ಯೆ ನೋಡೋದೇ ಬೇಡ ಅಂತ ಅವ್ವ ಮೊದಲೇ ಹೇಳಿದ್ದಳು. ದೊಡ್ಡಪ್ಪ ಬರದಿದ್ದರೆ ನಾನೂ ಬರಲ್ಲ ಅಂತ ಅಪ್ಪ ಹಟ ಹಿಡಿದಿದ್ದ. ಹೀಗಾಗಿ ನಾಲ್ವರೂ ಹೋದೆವು.

ನಮ್ಮ ಕಡೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುತ್ತಾರೆ. ಕುಡಿದರೆ ಮಾತು ಮುಂದೆ. ಕೊಟ್ಟ ನೀರು ಚೆಲ್ಲಿದರೆ ಆ ಸಂಬಂಧಕ್ಕೇ ನೀರು ಬಿಟ್ಟಂತೆ. ಹುಡುಗಿಯ ಅಪ್ಪ ತಾವೇ ತಂಬಿಗೆ ತಂದುಕೊಟ್ಟರು. ಪಡಸಾಲೆಗೆ ಹೊಸ ಪರ್ಸಿ ಕಲ್ಲು ಹಾಸಿದ್ದರು. ನಾನು ನನ್ನ ಬಗ್ಗೆ ಒಂದು ಮಾತು ಇರಲಿ ಅಂತ, "ಪರ್ಸಿ ಹಾಸೋದು ನನಗ ಎಡಗೈ ಕೆಲಸ ನೋಡ್ರಿ" ಅಂದೆ. ದೊಡ್ಡಪ್ಪ ನೆಲ ನೋಡಿದರು, ತಂಬಿಗೆ ನೋಡಿದರು, ನೀರನ್ನೆಲ್ಲ ನಡುಮಧ್ಯೆ ಸುರಿದುಬಿಟ್ಟರು.

ಹುಡುಗಿಯ ಅಪ್ಪನ ಮುಖ ಕೆಂಪಾಯಿತು. "ಬ್ಯಾಡ ಅಂದ್ರ ಬಾಯಿಲೆ ಹೇಳಬೇಕಿತ್ರಿ. ಮನಿ ತನಕ ಬಂದು ನೀರು ಬಿಡೋದು ಯಾವ ರೀತಿ?"

ದೊಡ್ಡಪ್ಪನಿಗೆ ಅದು ಕೇಳಿಸಲೇ ಇಲ್ಲ. ಮೊಣಕಾಲೂರಿ ನೀರಿನ ಹಿಂದೆ ಹೊರಟಿದ್ದರು. ನೀರು ಮೋರಿ ಬಿಟ್ಟು ನೇರ ದೇವರ ಕೋಣೆಗೆ ಹೋಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಚಪ್ಪಲಿ ಹುಡುಕತೊಡಗಿದ. ಅಷ್ಟರಲ್ಲಿ ಹುಡುಗಿ ಒಳಗಿಂದ ಬಂದಳು, ಕೈಯಲ್ಲಿ ಇನ್ನೊಂದು ತಂಬಿಗೆ.

"ಅಜ್ಜಾರ, ಇದನ್ನೂ ಹಾಕ್ರಿ. ನಮ್ಮಪ್ಪ ಚಂದಾಗಿ ನೋಡ್ಲಿ. ಹಾಸಿದ ದಿನದಿಂದ ಹೇಳಾಕತ್ತೀನಿ, ಇಳಿಜಾರು ತಿರುವು ಮುರುವು ಆಗ್ಯಾದ ಅಂತ. ದಿನಾ ದೇವರ ಕೋಣಿ ಒರಸಿ ನನ್ನ ನಡ ಹೋತು."

"ಇದನ್ನ ಹಾಸಿದ ಗೌಂಡಿ ಯಾರವ್ವ?"

"ನಮ್ಮ ಸ್ವಾದರ ಮಾವ."

ಹುಡುಗಿಯ ಅಪ್ಪ ಕೆಳಗೆ ನೋಡಿದರು. ಆಮೇಲೆ ಒಂದು ತಾಸು ದೊಡ್ಡಪ್ಪ, ಆ ಹುಡುಗಿ ಮೂಲೆ ಮೂಲೆಗೆ ನೀರು ಹಾಕಿ ನೋಡಿದರು. ನಾನು ಚುರುಮುರಿ ಸುಸಲಾದ ತಟ್ಟೆ ಹಿಡಿದು ಕಾಲು ಮೇಲೆತ್ತಿ ಕೂತಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಗೆ ಅವಳಪ್ಪ ಕೇಳಿದರು: "ಹುಡುಗನ ಬಗ್ಗೆ ಏನಂತೀ?"

ಅವಳು ದೊಡ್ಡಪ್ಪನನ್ನೇ ಕೇಳಿದಳು: "ಇವರು ಹೆಂಗ್ರಿ, ಅಜ್ಜಾರ?"

ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಲೆವೆಲ್ ಇಲ್ಲ. ಆದ್ರ ಎಷ್ಟು ಭಾರ ಹಾಕಿದ್ರೂ ತಡೀತಾನ."

"ಹಂಗಿದ್ರ ಈ ನೆಲ ಅವರೇ ತಗದು ಹಾಸ್ಲಿ. ಎಡಗೈ ಕೆಲಸ ಅಂದ್ರಲ್ಲ. ನೀರು ಮೋರಿಗೆ ಹೋದ ದಿನ ನಾ ಹೂಂ ಅಂತೀನಿ."

ಎರಡೂ ಕೈ ಹಚ್ಚಿ ಹನ್ನೆರಡು ದಿನ ಹಾಸಿದೆ. ಎರಡು ಸಲ ಕೀಳಿಸಿದಳು. ದೊಡ್ಡಪ್ಪ ದಿನಾ ಸೇಡಂನಿಂದ ಬಸ್ಸಿಗೆ ಬಂದು, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಚಹಾ ಕುಡಿಯುತ್ತ, ತಪ್ಪು ಕಂಡರೂ ಹೇಳದೆ ಅವಳಿಗೇ ಬಿಡುತ್ತಿದ್ದರು. ಮೂರನೇ ಸಲ ನೀರು ಸುರಿದಾಗ ಅದು ಕಲಿಸಿಕೊಟ್ಟಂತೆ ಸೀದಾ ಮೋರಿಗೆ ಇಳಿಯಿತು. ದೊಡ್ಡಪ್ಪ ಕುರ್ಚಿಯಿಂದ ಎದ್ದು "ಹೂಂ" ಅಂದರು. ನನ್ನ ಕೆಲಸಕ್ಕೆ ಅವರು ಹಾಗಂದದ್ದು ಅದೇ ಮೊದಲು. ನಾನು ಎದೆ ಉಬ್ಬಿಸಿ ಹುಡುಗಿಯ ಕಡೆ ತಿರುಗಿದೆ.

ಅವಳು ತಂಬಿಗೆ ಕೆಳಗಿಟ್ಟು, "ಹೂಂ, ಪಡಸಾಲಿ ಆತು" ಅಂದಳು. "ಅಡಗಿ ಮನಿ ಯಾವಾಗ ಕೀಳ್ತೀರಿ?"