ಕಾಗದದ ಮೇಲಿನ ಯಜಮಾನ

ಈ ಭೂಮಿಯ ಮೇಲೆ ಆದಾಯ ತೆರಿಗೆ ಇಲಾಖೆಯನ್ನು ಮನಸಾರೆ ಪ್ರೀತಿಸಿದ ಏಕೈಕ ಮನುಷ್ಯನೆಂದರೆ ನಮ್ಮ ಸೋದರಮಾವ! ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುವ ಉಳಿದವರೆಲ್ಲ ಇಲಾಖೆಯ ಹೆಸರೆತ್ತಿದರೆ ಬೆವರುತ್ತಿದ್ದ ಕಾಲದಲ್ಲಿ, ನಮ್ಮ ಮಾಮಾ ಇಸ್ತ್ರಿಯ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ರಿಟರ್ನ್ ತುಂಬಲು ತೆರಿಗೆ ವಕೀಲರ ಆಫೀಸಿಗೆ ಹೊರಡುತ್ತಿದ್ದರು. ಬೀಗರ ಮನೆಗೂ ಅವರು ಅಷ್ಟು ಶೃಂಗಾರವಾಗಿ ಹೋದವರಲ್ಲ.

ಕಾರಣವಿತ್ತು. ಅವರ ರಿಟರ್ನು ನಮ್ಮ ನಿಮ್ಮಂಥ ಒಬ್ಬೊಬ್ಬರದಲ್ಲ, ಹಿಂದೂ ಅವಿಭಕ್ತ ಕುಟುಂಬದ್ದು. ಕಾನೂನಿನ ಪ್ರಕಾರ ಇಡೀ ಮನೆತನ ಸೇರಿ ಒಬ್ಬ ತೆರಿಗೆದಾರ. ಅದರ ಹಿರಿಯನಿಗೆ ‘ಕರ್ತಾ’ ಎಂಬ ಪದವಿ. ಮನೆಯಲ್ಲಿ ಅತ್ತೆ ಇವರ ಮಾತು ಕೇಳುತ್ತಿರಲಿಲ್ಲ, ಮಕ್ಕಳು ಕೇಳುತ್ತಿರಲಿಲ್ಲ, ಎಮ್ಮೆಯಂತೂ ಇವರು ಹತ್ತಿರ ಬಂದರೆ ಹಾಲೇ ಇಳಿಸುತ್ತಿರಲಿಲ್ಲ. ಇವರನ್ನು ಯಜಮಾನನೆಂದು ಒಪ್ಪಿಕೊಂಡದ್ದು ಭಾರತ ಸರಕಾರ ಮಾತ್ರ! ಪ್ರೀತಿ ಹುಟ್ಟದೆ ಇನ್ನೇನು?

ನಾನು ಸವದತ್ತಿಯಲ್ಲಿ ಹೈಸ್ಕೂಲು ಮಾಸ್ತರ. ಸಂಬಳದವರ ನನ್ನ ತೆಳ್ಳನೆಯ ಫಾರ್ಮು ಕಂಡರೆ ಅವರಿಗೆ ಅಸಹ್ಯ.

“ಏನಲೇ ಇದು, ಬಸ್ ಟಿಕೀಟಿನಷ್ಟ ಐತಿ! ಇದರಾಗ ನಿನ್ನ ಹೆಂಡ್ತಿ ಎಲ್ಲಿ, ಮಕ್ಕಳೆಲ್ಲಿ?”

“ಪಗಾರ ನನ್ನೊಬ್ಬಂದ ಮಾಮಾ.”

“ಉಣ್ಣೂದೂ ನೀ ಒಬ್ಬನ ಏನು?”

ಮಗಳಿಗೆ ಗಂಡು ನೋಡಲು ಮುನವಳ್ಳಿಗೆ ಹೋದಾಗಲೂ ಅಷ್ಟೇ. ಹುಡುಗನ ಗುಣ, ಓದು, ಹೊಲ ಯಾವುದನ್ನೂ ವಿಚಾರಿಸದೆ, “ನೀವು ಯಾವ ಫಾರ್ಮ್ ತುಂಬತೀರಿ?” ಎಂದು ಕೇಳಿದರು. ಹುಡುಗನ ತಂದೆ, “ನಾವು ಒಕ್ಕಲುತನ ಮಾಡವರ್ರಿ, ನಮಗ ಆ ತೆರಿಗಿ ಇಲ್ಲ” ಎಂದರು. “ಹಂಗಾರ ನೀವು ಅದೀರಿ ಅನ್ನೋದ ಸರಕಾರಕ್ಕ ಗೊತ್ತಿಲ್ಲ!” ಎಂದು ಮಾಮಾ ಕನಿಕರಪಟ್ಟರು. ಅವಲಕ್ಕಿ ಬಂತು, ಚಹಾ ಬರಲಿಲ್ಲ.

ಇಷ್ಟೆಲ್ಲ ಠೀವಿಯ ನಡುವೆ ಒಂದು ಸಣ್ಣ ತೊಡಕಿತ್ತು. ಆ ಅವಿಭಕ್ತ ಕುಟುಂಬ ಫಾರ್ಮಿನಲ್ಲಿ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ! ಮನೆಗೆ ಹೊಸದಾಗಿ ಬಂದ ಟೆಲಿಫೋನನ್ನು ಯಾರ ಕೋಣೆಯಲ್ಲಿಡಬೇಕು ಎಂಬ ಘನವಾದ ಪ್ರಶ್ನೆಯ ಮೇಲೆ ಮಾಮಾ ಮತ್ತು ಅವರ ತಮ್ಮ, ಅಂದರೆ ನಮ್ಮ ಸಣ್ಣ ಮಾಮಾ, ಜಗಳಾಡಿ ಮಾತು ಬಿಟ್ಟು ವರ್ಷಗಳಾಗಿದ್ದವು. ಪಡಸಾಲೆಯಲ್ಲಿ ಗೋಡೆ ಎದ್ದಿತ್ತು, ಒಲೆ ಎರಡಾಗಿದ್ದವು.

ವಕೀಲರು ಪ್ರತಿ ವರ್ಷ ಹೇಳುತ್ತಿದ್ದರು. “ಬ್ಯಾರೆ ಆಗೀವಿ ಅಂತ ಅರ್ಜಿ ಕೊಟ್ಟು, ಇಬ್ಬರೂ ಸ್ವಂತ ಹೆಸರಿಲೆ ಫಾರ್ಮ್ ತುಂಬ್ರಿ.”

ಒಂದು ವರ್ಷ ಮಾಮಾನಿಗೆ ಅಮಾವಾಸ್ಯೆ ಅಡ್ಡ ಬಂತು. ಇನ್ನೊಂದು ವರ್ಷ ಓದುವ ಚಾಳೀಸು ರಾಮದುರ್ಗದಲ್ಲಿ ಉಳಿಯಿತು. ನೆವಗಳೆಲ್ಲ ಮುಗಿದ ವರ್ಷ ಅವರೇ ವಕೀಲರಿಗೆ ಪಾಟೀಸವಾಲು ಹಾಕಿದರು.

“ಅರ್ಜಿ ಕೊಡೂತನಕ ಸರಕಾರದ ಲೆಕ್ಕದಾಗ ನಾವು ಒಂದ ಮನಿ ಹೌದಲ್ರಿ?”

“ಕಾನೂನಿನ ಪ್ರಕಾರ ಹೌದ್ರಿ.”

“ಮತ್ತ ಸರಕಾರಕ್ಕಿಂತ ನೀವು ಶ್ಯಾಣ್ಯಾರೇನು?”

ಆಮೇಲೆ ಫಾರ್ಮುಗಳೆಲ್ಲ ಬದಲಾಗಿ ಒಂದು, ಎರಡು, ಮೂರು ಎಂದು ನಂಬರು ಬಂದವು. ಅದೇ ಹೊತ್ತಿಗೆ ಸಣ್ಣ ಮಾಮಾ ತಮ್ಮದೇ ಅಂಗಡಿ ತೆಗೆಯಲು ನಿರ್ಧರಿಸಿ, ಬೇರೆಯಾಗಿದ್ದೇವೆಂಬ ಅರ್ಜಿಗೆ ಸಹಿ ಹಾಕಿಬಿಟ್ಟರು. ವಕೀಲರು ಇಬ್ಬರನ್ನೂ ಕರೆಸಿದರು. ಒಂದೇ ಬೆಂಚು, ಆಚೆಗೊಬ್ಬರು, ಈಚೆಗೊಬ್ಬರು, ನಡುವೆ ಅಂಚೆ ಕಚೇರಿಯಾಗಿ ನಾನು!

“ಇವಗ ಹೇಳು, ಜರಾ ಸರದು ಕುಂಡ್ರು ಅಂತ.”

“ಅವರಿಗೆ ಹೇಳು, ಇದು ವಕೀಲರ ಬೆಂಚು, ಇದಕ್ಕೂ ಅವರೇನು ಕರ್ತಾ ಅಲ್ಲ ಅಂತ.”

ವಕೀಲರು ಮಾಮಾನ ಮುಂದೆ ಹೊಸ ಫಾರ್ಮು ಇಟ್ಟರು. “ಇಲ್ಲಿ ಎರಡು ಚೌಕ ಅದಾವ್ರಿ. ಒಂದು ವ್ಯಕ್ತಿ, ಒಂದು ಕುಟುಂಬ. ವ್ಯಕ್ತಿ ಅನ್ನೋದಕ್ಕ ಗುರುತು ಹಾಕ್ರಿ.”

ಅಂದು ಮಾಮಾ ನೆವ ಹೇಳಲಿಲ್ಲ. “ಅವಗ ಬ್ಯಾರೆ ಬೇಕಾದ್ರ ನಾ ಯಾಕ ಅಡ್ಡ ಬರಲಿ” ಎಂದು ಪೆನ್ನು ಹಿಡಿದರು. ಹಿಡಿದು ಕುಟುಂಬದ ಚೌಕಕ್ಕೆ ಗುರುತು ಹಾಕಿದರು. ವಕೀಲರು ಹಲ್ಲು ಕಚ್ಚಿ ಇನ್ನೊಂದು ಫಾರ್ಮು ಕೊಟ್ಟರು. ಮತ್ತೆ ಕುಟುಂಬ! ಹಳೆಯ ನಾಟಕ ಶುರುವಾಯಿತೆಂದು ನಾನು ನಕ್ಕೆ. ನಕ್ಕವನು ಅವರ ಮುಖ ನೋಡಿದೆ. ಮಾಮಾ ತಮ್ಮ ಕೈಯನ್ನೇ ಗಾಬರಿಯಿಂದ ನೋಡುತ್ತಿದ್ದರು.

“ಕೈ ತಾನ ಅಲ್ಲಿಗೆ ಹೊಕ್ಕೈತ್ರಿ ವಕೀಲರ, ನಾ ಏನ್ ಮಾಡಲಿ?”

ವಕೀಲರು ಮತ್ತೊಂದು ಫಾರ್ಮು ಮುಂದಿಟ್ಟರು. ಅದರ ಮೇಲೆ ಸಣ್ಣ ಮಾಮಾನ ಕೈ ಬಂದು ಕೂತಿತು. ಇನ್ನೊಂದು ಕೈಯಿಂದ ಅವರು ಮೇಜಿನ ಮೇಲಿದ್ದ ತಮ್ಮ ಅರ್ಜಿಯನ್ನು ಎಳೆದುಕೊಂಡು ಹರಿದರು.

“ಹೊಸಾ ಅಂಗಡಿ ಅಷ್ಟ ನನ್ನ ಹೆಸರಿಲೆ ಇರಲ್ರಿ. ಮನಿ ಮೊದಲಿನಂಗ ಇರಲಿ.”

ಮಾಮಾ ನನ್ನ ಕಡೆ ತಿರುಗಿದರು. “ಇವಗ ಹೇಳು…” ಎಂದು ಶುರು ಮಾಡಿದರು.

“ಅವಗ ಯಾಕ ಹೇಳತೀ,” ಎಂದರು ಸಣ್ಣ ಮಾಮಾ. “ನನಗ ಹೇಳೋ ಅಣ್ಣಾ.”

ನಾನು ನಡುವಿನಿಂದ ಎದ್ದೆ.