ಖಾರದ ಗಿರಣಿಯಲ್ಲಿ ಒಂದು ಕಿಲೊ ಸಕ್ಕರೆ

ನಾನಕಟಾಯಿ ಮಾಡುವುದು ಬಹಳ ಸುಲಭ. ಮೈದಾ, ತುಪ್ಪ, ಪುಡಿ ಸಕ್ಕರೆ ಕಲಸಬೇಕು, ಉಂಡೆ ಕಟ್ಟಿ ಅಂಗೈಯಲ್ಲಿ ಮೆಲ್ಲಗೆ ಒತ್ತಬೇಕು, ಬೇಕರಿಯ ಭಟ್ಟಿಗೆ ಕೊಡಬೇಕು. ಇಷ್ಟೇ! ಇದರಲ್ಲಿ ಎಡವುವುದಕ್ಕೆ ಜಾಗವೇ ಇಲ್ಲ ಎಂದು ಆ ಭಾನುವಾರ ಬೆಳಿಗ್ಗೆ ನಾನು ದೃಢವಾಗಿ ನಂಬಿದ್ದೆ. ಜಾಗವಿಲ್ಲದ ಕಡೆಯೂ ಎಡವಬಲ್ಲ ಪ್ರತಿಭೆ ನನ್ನಲ್ಲಿದೆ ಎಂಬುದು ಸಂಜೆಯ ಹೊತ್ತಿಗೆ ಅರ್ಧ ಸುರಪುರಕ್ಕೆ ಗೊತ್ತಾಗಿತ್ತು.

ಬಿ.ಎಸ್ಸಿ. ಕೊನೆಯ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಈ ನಡುವಿನ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮಲಗಿದರೆ ಎದ್ದು ಅಡ್ಡಾಡಬೇಕು, ಅಡ್ಡಾಡಿದರೆ ಮೊಬೈಲ್ ನೋಡಬೇಕು, ಮೊಬೈಲ್ ನೋಡಿದರೆ ಫಲಿತಾಂಶ ಬಂತೇನೋ ಎಂದು ಎದೆ ಢವಢವ.

"ಏ ರೇಣು, ಕಾಲಿಗಿ ಚಕ್ರ ಕಟಗೊಂಡೀದೇನ? ಒಂದ್ ಕಡಿ ಕುಂದ್ರು. ನಿನ್ನ ನೋಡಿ ನನಗ ತಲಿ ತಿರಗಾಕತ್ತದ" ಎಂದು ಅವ್ವ ಬೈಯುತ್ತಿದ್ದಳು.

ಕಾಲೇಜು ಇದ್ದಾಗ ಹೀಗಿರಲಿಲ್ಲ. ಕ್ಲಾಸು ಬಿಟ್ಟೊಡನೆ ನಾನೂ ಗೆಳತಿ ಶಬಾನಾಳೂ ಕರೀಮ್ ಚಾಚಾನ ಬೇಕರಿಯ ಹಿಂಬಾಗಿಲಿಗೆ ಹೋಗುತ್ತಿದ್ದೆವು. ಆಗಷ್ಟೇ ಭಟ್ಟಿಯಿಂದ ತೆಗೆದ ಟ್ರೇಯಲ್ಲಿ ಮುರಿದ ಬಿಸ್ಕತ್ತುಗಳನ್ನು ಆರಿಸಿ ಚಾಚಾ ನಮಗೆ ಕಾಗದದಲ್ಲಿ ಹಾಕಿಕೊಡುತ್ತಿದ್ದರು. ಊದಿ ಊದಿ ತಿನ್ನುತ್ತ, ಮೇಷ್ಟ್ರುಗಳನ್ನು ಅಣಕಿಸುತ್ತ ಮನೆ ಮುಟ್ಟುತ್ತಿದ್ದೆವು. ಕಲಿತ ರಸಾಯನಶಾಸ್ತ್ರವೆಲ್ಲ ಮರೆತಿರಬಹುದು, ಆ ಬಿಸಿ ಬಿಸ್ಕತ್ತಿನ ರುಚಿ ಮಾತ್ರ ಇನ್ನೂ ನಾಲಿಗೆಯ ಮೇಲಿದೆ.

ಆ ಶಬಾನಾಳ ನಿಶ್ಚಯಕ್ಕೆ ಯಾದಗಿರಿಯಿಂದ ಹುಡುಗನ ಮನೆಯವರು ಆ ಸಂಜೆ ಬರುವವರಿದ್ದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಚಿಂತೆ ಇದ್ದದ್ದು ಒಂದೇ. ಮದುವೆಯಾದ ಮೇಲೆ ನನ್ನ ಜೊತೆ ಬಿ.ಎಡ್. ಓದಬೇಕೆಂಬುದು ಶಬಾನಾಳ ಆಸೆ. ಹುಡುಗನ ತಾಯಿ "ಓದಿದ್ದು ಸಾಕು" ಎನ್ನುವವರು ಎಂದು ಸುದ್ದಿ ಬಂದಿತ್ತು. ಮೊದಲು ಅವರ ಬಾಯಿ ಸಿಹಿ ಮಾಡಿಸಿ, ಆಮೇಲೆ ಮೆಲ್ಲಗೆ ಓದಿನ ಮಾತು ತೆಗೆಯುವುದೆಂದು ಶಬಾನಾಳ ತಾಯಿ ನಸೀಮಾ ಖಾಲಾ ಯೋಜನೆ ಹಾಕಿದ್ದರು.

"ಸೀ ಪದಾರ್ಥ ನಂದು!" ಎಂದು ನಾನು ಎದೆ ತಟ್ಟಿಕೊಂಡೆ.

"ಬ್ಯಾಡ ಬಿಡು ರೇಣು, ಅಂಗಡಿದು ತರ್ತೀವಿ" ಎಂದಳು ಶಬಾನಾ.

"ಅಂಗಡಿದು ತಿಂದ್ರ ಬಾಯಿ ಅಷ್ಟ ಸೀ ಆಗ್ತದ. ಕೈಲೆ ಮಾಡಿದ್ದು ತಿಂದ್ರ ಮನಸ ಸೀ ಆಗ್ತದ!"

ಇಂಥ ಮಾತುಗಳು ನನ್ನ ಬಾಯಿಗೆ ಎಲ್ಲಿಂದ ಬರುತ್ತವೋ! ಶಬಾನಾ ನನ್ನ ಕೈ ಹಿಡಿದು, "ನೋಡು ಮತ್ತ, ನನ್ನ ಓದು ನಿನ್ನ ಕೈಯಾಗ ಅದ" ಎಂದಳು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಅವ್ವ ಬೆಳಿಗ್ಗೆಯೇ ಹುಣಸಗಿಗೆ ಲಗ್ನಕ್ಕೆ ಹೊರಟಿದ್ದಳು. ಹೊರಡುವಾಗ ಒಂದು ಆಜ್ಞೆ ಕೊಟ್ಟಳು: "ಬೀಗರಿಗಿ ಕೊಡೂದು ಬಾಯಾಗ ಹಾಕ್ಕೊಂಡು ನೋಡಬ್ಯಾಡ. ಎಂಜಲ ಆಗ್ತದ." ಜೀವನದಲ್ಲಿ ನಾನು ಅವ್ವನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೊಂದೇ ದಿನ!

ಸಕ್ಕರೆ ಪುಡಿ ಮಾಡುವಾಗ ಮಿಕ್ಸರಿಗೆ ನಡುನಡುವೆ ವಿಶ್ರಾಂತಿ ಕೊಡಬೇಕಂತೆ. ನನಗೇ ಇಲ್ಲದ ವಿಶ್ರಾಂತಿಯನ್ನು ಅದಕ್ಕೆಲ್ಲಿಂದ ತರಲಿ? ಜಾರು ತುಂಬ ಸಕ್ಕರೆ ಸುರಿದು ಒಂದೇ ಉಸಿರಿಗೆ ತಿರುವಿದೆ. ಅದು ಒಮ್ಮೆ ಕೆಮ್ಮಿತು, ಹೊಗೆ ಬಿಟ್ಟಿತು, ಕಣ್ಣು ಮುಚ್ಚಿತು.

ಹೋದರೆ ಹೋಯಿತು, ಊರಲ್ಲಿ ಗಿರಣಿ ಇದೆಯಲ್ಲ! ಒಂದು ಕಿಲೊ ಸಕ್ಕರೆ ಡಬ್ಬಿಗೆ ಹಾಕಿಕೊಂಡು ಮಲ್ಲಣ್ಣನವರ ಗಿರಣಿಗೆ ಓಡಿದೆ. ಜೋಳದ ಹಿಟ್ಟಿನ ಮಿಷನ್ ಮುಂದೆ ಡಬ್ಬಿಗಳ ಸಾಲು ರಸ್ತೆಯವರೆಗೆ ಬಂದಿತ್ತು. ಪಕ್ಕದಲ್ಲಿ ಖಾರದ ಪುಡಿ ಮಾಡುವ ಮಿಷನ್ ಸುಮ್ಮನೆ ನಿಂತಿತ್ತು. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ವರ್ಷಕ್ಕಾಗುವಷ್ಟು ಖಾರ ಮಾಡಿಸುವುದು ಅದರಲ್ಲೇ.

"ಮಲ್ಲಣ್ಣ, ಇದನ್ನ ಆ ಮಿಷನ್‌ನಾಗ ಹಾಕ್ರಿ."

"ಏನವ್ವ ನೀ, ಮುಂಜಾನಿಂದ ಅದ್ರಾಗ ಮೆಣಸಿನಕಾಯಿ ಹಾಕೀನಿ!"

"ಒಂದ್ ಹಿಡಿ ಜ್ವಾಳ ಹಾಕಿ ತಗೀರಿ, ಸ್ವಚ್ಛ ಆಗ್ತದ. ನಾ ಬಿ.ಎಸ್ಸಿ. ಓದೀನ್ರಿ!"

ಪದವಿಯ ಮುಂದೆ ಮಲ್ಲಣ್ಣ ಸೋತರು. ಅದೂ ಇನ್ನೂ ಫಲಿತಾಂಶ ಬಾರದ ಪದವಿ! ಒಂದು ಹಿಡಿ ಜೋಳ ಒಳಗೆ ಹೋಗಿ ಕೆಂಪಾಗಿ ಹೊರಗೆ ಬಂತು. ಅದರ ಹಿಂದೆ ನನ್ನ ಬಿಳಿ ಸಕ್ಕರೆ ಹೋಗಿ ನಸುಗುಲಾಬಿಯಾಗಿ ಬಂತು. ಶುಭಕಾರ್ಯಕ್ಕೆ ತಾನಾಗಿಯೇ ಗುಲಾಬಿ ಬಣ್ಣ ಬಂತಲ್ಲ ಎಂದು ನಾನು ಹಿಗ್ಗಿದೆ. ದಾರಿಯುದ್ದಕ್ಕೂ ಸೀನು. ನೆಗಡಿ ಇರಬೇಕು ಎಂದುಕೊಂಡೆ. ಆ ಉರಿಬಿಸಿಲಲ್ಲಿ ನೆಗಡಿ!

ಮನೆಗೆ ಬಂದು ಕಲಸಿದರೆ, ಸೆಕೆಗೆ ತುಪ್ಪ ಕರಗಿ ನೀರಾಗಿ ಹಿಟ್ಟು ಕೈಗೆ ನಿಲ್ಲುತ್ತಿಲ್ಲ. ಮೈದಾ ಸುರಿದೆ. ಗಟ್ಟಿಯಾಯಿತು, ತುಪ್ಪ ಸುರಿದೆ. ಸಡಿಲಾಯಿತು, ಮತ್ತೆ ಮೈದಾ. ಒಂದು ಬಟ್ಟಲಿನ ಹಿಟ್ಟು ಕೊಪ್ಪರಿಗೆಗೆ ಏರಿತು. ಸಕ್ಕರೆಯೆಲ್ಲ ಖಾಲಿ. ಅಂಗೈ ಚುರುಚುರು ಎನ್ನುತ್ತಿತ್ತು. ಒಂದು ದಿನವೂ ಕೆಲಸ ಮಾಡದ ಕೈಗೆ ಶ್ರಮ ಹೀಗೇ ಅನಿಸುತ್ತದೇನೋ ಎಂದುಕೊಂಡು ಉಂಡೆ ಒತ್ತುತ್ತ ಹೋದೆ.

ಮಧ್ಯಾಹ್ನ ಬ್ರೆಡ್ಡು, ಬನ್ನಿನ ಕೆಲಸ ಮುಗಿದ ಮೇಲೆ, ಭಟ್ಟಿಯ ಕಾವು ಆರುವ ಮುಂಚೆ, ಮನೆಗಳಲ್ಲಿ ಮಾಡಿದ್ದನ್ನು ಒಯ್ದರೆ ಕರೀಮ್ ಚಾಚಾ ಬೇಯಿಸಿ ಕೊಡುತ್ತಾರೆ. ನನ್ನ ಟ್ರೇಗಳು ಒಳಗೆ ಹೋದವು. ಸ್ವಲ್ಪ ಹೊತ್ತಿಗೆ ಚಾಚಾ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಬೇಟಿ, ಇದ್ರಾಗ ಏನ್ ಹಾಕೀದಿ? ಕಣ್ಣ ಉರಿಯಾಕತ್ತಾವ."

"ಯಾಲಕ್ಕಿ ಚಾಚಾ. ಒಂದೀಟು ಜಾಸ್ತಿ ಆಗ್ಯಾದ."

"ಇದೆಂಥಾ ಯಾಲಕ್ಕಿನೋ!" ಎಂದು ಚಾಚಾ ಕೆಮ್ಮುತ್ತ ಹೊರಗೆ ಹೋದರು. ನಾನೂ ಕೆಮ್ಮಿದೆ. ಕಟ್ಟಿಗೆ ಹಸಿ ಇರಬೇಕು ಎಂದು ಮನಸ್ಸಿನಲ್ಲೇ ಕಟ್ಟಿಗೆಯವನನ್ನು ಬೈದೆ.

ಆದರೆ ನಾನಕಟಾಯಿಗಳು ಹೊರಗೆ ಬಂದಾಗ ಏನು ಚಂದ! ಮೇಲೆ ಸಣ್ಣ ಬಿರುಕು, ಅಂಚಿಗೆ ಹೊಂಬಣ್ಣ, ಒಳಗೆ ಗುಲಾಬಿ. ಚೆಂದದವನ್ನೆಲ್ಲ ಬುಟ್ಟಿಯಲ್ಲಿ ಜೋಡಿಸಿ ಶಬಾನಾಳ ಮನೆಗೆ ಮುಟ್ಟಿಸಿದೆ. ಮುರಿದವನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದು, ಮುಖ ತೊಳೆದು, ಇನ್ನು ಎಂಜಲಿನ ಭಯವಿಲ್ಲವೆಂದು ಒಂದನ್ನು ಬಾಯಿಗೆ ಹಾಕಿಕೊಂಡೆ.

ಮೊದಲು ಸಿಹಿ ಬಂತು. ಅದರ ಬೆನ್ನಿಗೇ ಬೆಂಕಿ ಬಂತು.

ಶಬಾನಾಳಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅವ್ವನ ಚಪ್ಪಲಿ ಹಾಕಿಕೊಂಡು ಓಡಿದೆ. ಓಡುತ್ತ ನನಗೆ ನಿಜವಾಗಿಯೂ ಅಳು ಬಂತು. ಶಬಾನಾ ಬೇಡಿದ್ದು ಬಂಗಾರವಲ್ಲ, ಸೀರೆಯಲ್ಲ, ಓದು. ಅದಕ್ಕೆ ನಾನು ಖಾರ ಅರೆದಿದ್ದೆ.

ಚಪ್ಪಲಿ ಬಿಡುವುದನ್ನೂ ಮರೆತು ಹಿತ್ತಲ ಬಾಗಿಲಿಂದ ನುಗ್ಗಿ ಪಡಸಾಲೆಯ ಪರದೆಯ ಹಿಂದೆ ಶಬಾನಾಳ ಪಕ್ಕ ನಿಂತೆ. ಬೀಗರು ಬಂದು ಕೂತಿದ್ದರು. ಬುಟ್ಟಿ ಅರ್ಧ ಖಾಲಿಯಾಗಿತ್ತು! ಹುಡುಗನ ಸೋದರಮಾವ ತಂಬಿಗೆ ಎತ್ತಿ ಗಟಗಟ ನೀರು ಕುಡಿಯುತ್ತಿದ್ದರು. ಹುಡುಗ ತಲೆ ತಗ್ಗಿಸಿ ಮೂಗೊರೆಸಿಕೊಳ್ಳುತ್ತಿದ್ದ. ಹುಡುಗನ ತಾಯಿಯ ಕಣ್ಣಿಂದ ನೀರು ಇಳಿಯುತ್ತಿತ್ತು.

"'ನಾನಕಟಾಯಿ ನನ್ನ ಮಗಳು ಮಾಡ್ಯಾಳ' ಅಂತ ಅಮ್ಮಿ ಹೇಳ್ಯಾಳ" ಎಂದು ಶಬಾನಾ ಪಿಸುಗುಟ್ಟಿದಳು. ಅವಳ ಮುಖದಲ್ಲಿ ಜೀವವಿರಲಿಲ್ಲ. "ಓದಿನ ಮಾತೂ ತಗದಾಳ."

ಹುಡುಗನ ತಾಯಿ ನೀರು ಕುಡಿದು ಲೋಟ ಕೆಳಗಿಟ್ಟರು. ಅಲ್ಲಿಯವರೆಗೆ ಉರ್ದುವಿನಲ್ಲಿ ಮಾತಾಡುತ್ತಿದ್ದವರಿಗೆ, ಸಿಟ್ಟಿಗೆ ಕನ್ನಡವೇ ಸರಿ ಅನಿಸಿತೋ ಏನೋ.

"ಓದಸ್ರಿ ಈ ಹುಡುಗಿನ್ನ! ಬಿ.ಎಡ್. ಅಷ್ಟ ಅಲ್ಲ, ಅದರ ಮುಂದಿಂದೂ ಓದಸ್ರಿ. ಇಂಥಾ ಕೈ ಅಡಗಿ ಮನ್ಯಾಗ ಇರಬಾರ್ದು. ಅಡಗಿ ನಾನ ಮಾಡ್ಕೋತೀನಿ!"

ಶಬಾನಾ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಗೆದ್ದೆವು! ಬುದ್ಧಿ ಇದ್ದವರು ಅಲ್ಲಿಗೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಆದರೆ ನನ್ನ ಗೆಳತಿಗೆ ಜೀವಮಾನವಿಡೀ ಈ ಕೆಟ್ಟ ಹೆಸರು ಅಂಟಿಕೊಳ್ಳುವುದೇ? ಪರದೆ ಸರಿಸಿ ಮುಂದೆ ಬಂದೆ.

"ಖಾಲಾ, ಅದು ಶಬಾನಾ ಮಾಡಿದ್ದಲ್ರಿ. ನಾ ಮಾಡಿದ್ದು."

ಹುಡುಗನ ತಾಯಿ ನನ್ನನ್ನು ಮೇಲಿನಿಂದ ಕೆಳಗೆ, ಎರಡು ಬಗೆಯ ಚಪ್ಪಲಿಯವರೆಗೆ ನೋಡಿದರು.

"ನೀ ಏನ್ ಓದೀದಿ?"

"ಬಿ.ಎಸ್ಸಿ.ರಿ."

"ಓದಿದವ್ರು ಹಿಂಗ ಮಾಡ್ತಾರೇನು?"

ಬಂದ ಒಪ್ಪಿಗೆ ನನ್ನ ಕಣ್ಣೆದುರೇ ಹಿಂದಿರುಗಿ ಹೊರಟಂತಾಯಿತು. ನಸೀಮಾ ಖಾಲಾ ಹಣೆ ಹಿಡಿದುಕೊಂಡರು. ಆಗ ಹುಡುಗ, ಅಷ್ಟು ಹೊತ್ತು ಮೂಗೊರೆಸಿಕೊಳ್ಳುತ್ತಿದ್ದವನು, ಮೊದಲ ಸಲ ಬಾಯಿ ಬಿಟ್ಟ.

"ಅಮ್ಮಿ, ಮಾತು ಕೊಟ್ಟೀದಿ."

ಆಕೆ ಮಗನನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಕೊನೆಗೆ ನಕ್ಕೇಬಿಟ್ಟರು. "ಆಯ್ತು, ಕೊಟ್ಟ ಮಾತು ಕೊಟ್ಟೀನಿ. ಓದಲಿ." ಪರದೆಯ ಹಿಂದೆ ಶಬಾನಾ ಅಳುತ್ತಿದ್ದಳು. ಅವಳು ನಾನಕಟಾಯಿ ತಿಂದಿರಲಿಲ್ಲ.

ಈಗ ಇಬ್ಬರೂ ಯಾದಗಿರಿಯಲ್ಲಿ ಬಿ.ಎಡ್. ಓದುತ್ತಿದ್ದೇವೆ. ಅವಳು ಗಂಡನ ಮನೆಯಿಂದ ಬರುತ್ತಾಳೆ, ನಾನು ರೂಮು ಮಾಡಿಕೊಂಡು ಕೈಯಡುಗೆ ಮಾಡಿಕೊಳ್ಳುತ್ತೇನೆ. ದಿನಾ ಮಧ್ಯಾಹ್ನ ಶಬಾನಾಳ ಚೀಲದಿಂದ ಊಟದ ಡಬ್ಬಿಗಳು ಎರಡು ಹೊರಗೆ ಬರುತ್ತವೆ. ಒಂದು ಅವಳದು, ಇನ್ನೊಂದು ಅವಳ ಅತ್ತೆ ನನಗಾಗಿ ಕಟ್ಟಿಕೊಟ್ಟದ್ದು.

ಮೊದಲ ದಿನ ನನಗೆ ಬಹಳ ಸಂತೋಷವಾಯಿತು. "ನನ್ನ ಮ್ಯಾಲ ಅವ್ರಿಗಿ ಎಷ್ಟ್ ಪ್ರೀತಿ ನೋಡು!" ಎಂದೆ.

"ಪ್ರೀತಿ ಅಲ್ಲ" ಎಂದಳು ಶಬಾನಾ, ಡಬ್ಬಿ ತೆಗೆಯುತ್ತ. "'ಪಾಪ, ತಾ ಮಾಡಿದ್ದು ತಾನ ತಿನ್ನಬೇಕಲ್ಲ ಆ ಹುಡುಗಿ' ಅಂತ ಮರುಗತಾರ."

ನಾನು ಮಾನ ಮರ್ಯಾದೆಯನ್ನು ಪಕ್ಕಕ್ಕಿಟ್ಟು ದಿನಾ ಪೂರ್ತಿ ಡಬ್ಬಿ ಖಾಲಿ ಮಾಡುತ್ತೇನೆ. ಬಹಳ ರುಚಿಯಾಗಿರುತ್ತದೆ!